ಹುಟ್ಟಿನಿಂದ ಬಂದ ಪಾಲು

ಈ ಸಾಲು ಓದುತ್ತಿರುವಾಗಲೇ ಒಮ್ಮೆ ಕಾಲ ಕೆಳಗೆ ನೋಡಿಕೊಳ್ಳಿ. ಸೇಡಂ ಇರಲಿ, ಚಿತ್ತಾಪುರ ಇರಲಿ, ವಾಡಿ, ಶಹಾಬಾದ, ಚಿಂಚೋಳಿ ಇರಲಿ, ನಿಮ್ಮ ಮನೆ ಕೊಂಚ ಹಳೆಯದಾಗಿದ್ದರೆ ಅಲ್ಲಿ ಪರ್ಸಿ ಇದ್ದೇ ಇರುತ್ತದೆ. ಬೂದು ಬಣ್ಣದ, ಮೇ ತಿಂಗಳ ಮಧ್ಯಾಹ್ನದಲ್ಲೂ ಬೆನ್ನಿಗೆ ತಂಪು ಕೊಡುವ ಕಲ್ಲು. ಮುಂಬೈ, ಪುಣೆಯ ಹಳೆಯ ಮನೆಗಳ ಅಡುಗೆಕೋಣೆಯಲ್ಲಿ ಇದೇ ಕಲ್ಲು. ಎಷ್ಟೋ ರೈಲು ನಿಲ್ದಾಣಗಳ ಪ್ಲಾಟ್‌ಫಾರ್ಮಿನಲ್ಲಿ ಇದೇ ಕಲ್ಲು. ಮರಾಠಿ ಮನೆಗಳಲ್ಲಿ ‘ಶಹಾಬಾದಿ’ ಅಂದರೆ ಊರು ಯಾರಿಗೂ ನೆನಪಾಗುವುದಿಲ್ಲ, ನೆಲ ನೆನಪಾಗುತ್ತದೆ.

ನಾಡಿಗೆ ನೆಲ ಹಾಸಿದವರು ನಾವು. ಸಿಮೆಂಟು ಕೊಟ್ಟವರೂ ನಾವೇ. ವಾಡಿಯಿಂದ ಹಿಡಿದು ಮಳಖೇಡ, ಸೇಡಂ, ಚಿತ್ತಾಪುರ ತಾಲ್ಲೂಕಿನ ಇಟಗಾ, ಚಿಂಚೋಳಿ ತಾಲ್ಲೂಕಿನ ಛತ್ರಸಾಲದವರೆಗೆ ಈ ಸೀಮೆಯ ಸುಣ್ಣಕಲ್ಲನ್ನು ಅಗೆದು, ಅರೆದು, ಸುಟ್ಟು, ಚೀಲಕ್ಕೆ ತುಂಬಿ, ವ್ಯಾಗನ್ನಿಗೆ ಹೇರಿ ಕಳಿಸಿದ್ದರಿಂದ ಯಾವುದೋ ಊರಿನಲ್ಲಿ ಮೇಲ್ಸೇತುವೆ ಎದ್ದಿತು, ಯಾವುದೋ ಊರಿನಲ್ಲಿ ಮೆಟ್ರೋ ಕಂಬ ಎದ್ದಿತು, ನಾವು ಮುಖ ಕಾಣದ ಯಾರದೋ ಇಪ್ಪತ್ತು ಅಂತಸ್ತಿನ ಮನೆ ಎದ್ದಿತು. ಇಲ್ಲಿ ಏನು ಎದ್ದಿತು?

ಚೂರುಕಲ್ಲಿನ ಗುಡ್ಡ ಎದ್ದಿತು.

ಶಹಾಬಾದಿನ ಹೊರಗಿನ ಒಂದು ಹಳೆಯ ಖಣಿಯ ದಂಡೆಯ ಮೇಲೆ ನಾನು ನಿಂತಿದ್ದ ಒಂದು ಮಧ್ಯಾಹ್ನ ಹೇಳುತ್ತೇನೆ. ಅಲ್ಲಿ ಕಲ್ಲು ಪುಸ್ತಕದ ಹಾಳೆಯಂತೆ ಪದರ ಪದರವಾಗಿ ಮಲಗಿದೆ. ಕೋಟ್ಯಂತರ ವರ್ಷಗಳ ಹಿಂದೆ ಇದೆಲ್ಲ ಸಮುದ್ರದ ತಳವಾಗಿತ್ತು. ಮೇಸ್ತ್ರಿಯೊಬ್ಬರು ಹಾರಿಯಿಂದ ಒಂದು ಪದರ ಎಬ್ಬಿಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕಿವಿಗೊಟ್ಟು ಕೇಳಿದರು. ‘ಠಣ್ ಅಂದ್ರ ಮಾಲು. ಡಬ್ ಅಂದ್ರ ರಾಶಿಗೆ’ ಎಂದರು. ಮುಂದಿನ ಪದರ ಡಬ್ ಅಂದಿತು. ರಾಶಿಗೆ ಹೋಯಿತು. ಅದರ ಮುಂದಿನದೂ ಡಬ್. ಮೂಲೆ ಮುರಿದದ್ದು, ಎಳೆ ಸೀಳಿದ್ದು, ದಪ್ಪ ಸಾಲದ್ದು, ಎಲ್ಲ ರಾಶಿಗೆ. ರಾಶಿ ಈಗ ಎರಡಾಳು ಎತ್ತರ. ಆಚೆಗೆ ಇನ್ನೊಂದು, ಅದರಾಚೆಗೆ ಮತ್ತೊಂದು, ನಡುವೆ ಹಸಿರು ನೀರು ನಿಂತ ಗುಂಡಿಗಳು. ನಾನು ಫೋನು ತೆಗೆದು ಫೋಟೋ ಹೊಡೆಯುತ್ತಿದ್ದಾಗ ಅವರು ನಕ್ಕರು: ‘ಹೊಡೀರಿ ಸಾಹೇಬ್ರ, ಹೊಡೀರಿ. ಹೋದ ಕಲ್ಲಿಗಿ ಪಾವತಿ ಅದ. ಉಳದ ಕಲ್ಲಿಂದು ಯಾರ ಹತ್ರನೂ ಲೆಕ್ಕ ಇಲ್ಲ.’

ಆ ಮಾತು ನನ್ನನ್ನು ಬಿಟ್ಟಿಲ್ಲ. ನಿಮ್ಮನ್ನೂ ಬಿಡಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಹೋದದ್ದಕ್ಕೆ ಪಾವತಿ ಇದೆ, ಉಳಿದದ್ದಕ್ಕೆ ಲೆಕ್ಕವಿಲ್ಲ. ನಮ್ಮ ಐದೂ ಊರುಗಳ ಕಥೆ ಅದೊಂದೇ ಮಾತಿನಲ್ಲಿದೆ. ಅಗೆ, ಬಳಸು, ಬಿಸಾಡು ಎಂಬ ನೇರ ದಾರಿಯನ್ನು ಬಾಗಿಸಿ, ಬಿಸಾಡಿದ್ದನ್ನೇ ಮತ್ತೆ ಬಳಕೆಗೆ ತರುವುದನ್ನು ಈಗ ಪಂಡಿತರು ಸರ್ಕ್ಯುಲರ್ ಎಕಾನಮಿ ಎನ್ನುತ್ತಾರೆ. ದೊಡ್ಡ ಹೆಸರು. ಆದರೆ ನಿಮ್ಮ ಅಮ್ಮ ಹೊದ್ದಿಸಿದ ಕೌದಿ ಏನು? ನಾಲ್ಕು ಹಳೆಯ ಸೀರೆ, ಎರಡು ಹರಿದ ಧೋತರ, ಉಳಿದ ತುಂಡುಗಳ ಬಣ್ಣಬಣ್ಣದ ಅಂಚು. ಮೂವತ್ತು ವರ್ಷದ ಬಟ್ಟೆ ಮತ್ತೆ ಇಪ್ಪತ್ತು ವರ್ಷ ಮೈ ಬೆಚ್ಚಗಿಡುತ್ತದೆ. ಹಳೆಮನೆ ಕೆಡವಿದರೆ ತೊಲೆ, ಜಂತಿ, ಚೌಕಟ್ಟು, ಪರ್ಸಿ ಎಲ್ಲವೂ ಇನ್ನೊಂದು ಮನೆಗೆ ಹೋಗುತ್ತಿದ್ದವು. ಕೈಗಾಡಿ ತಳ್ಳುತ್ತ ಬೀದಿಬೀದಿಯಲ್ಲಿ ಕೂಗುವ ಭಂಗಾರದವನಿಗೆ ಯಾವ ವಿಶ್ವವಿದ್ಯಾಲಯವೂ ಕಬ್ಬಿಣ, ತಾಮ್ರ, ಹಿತ್ತಾಳೆ ಬೇರ್ಪಡಿಸುವುದನ್ನು ಕಲಿಸಲಿಲ್ಲ. ಭಂಗಾರಕ್ಕೂ ಬಂಗಾರಕ್ಕೂ ನಡುವೆ ಇರುವುದು ಒಂದೇ ಒಂದು ಮಹಾಪ್ರಾಣ. ನಮ್ಮ ಕಡೆ ಅದನ್ನೂ ಎಷ್ಟೋ ಜನ ಉಚ್ಚರಿಸುವುದಿಲ್ಲ!

ಮರುಬಳಕೆ ನಮ್ಮ ರಕ್ತದಲ್ಲಿದೆ. ಇಲ್ಲದ್ದು ದಾಖಲೆ.

ದಾಖಲೆ ಇಲ್ಲದ ಮರುಬಳಕೆ ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ಸನ್ನತಿಗಿಂತ ದೊಡ್ಡ ಸಾಕ್ಷಿ ಬೇಕೇ? ಭೀಮಾ ದಂಡೆಯ ಆ ಹಳ್ಳಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯೊಂದರ ಚಾವಣಿ 1986ರಲ್ಲಿ ಕುಸಿಯಿತು. ಮೂರ್ತಿಯ ಕೆಳಗಿದ್ದ ಪೀಠದ ಕಲ್ಲು ಬೆಳಕಿಗೆ ಬಂತು. ನೋಡಿದರೆ ಅದು ಅಶೋಕ ಚಕ್ರವರ್ತಿಯ ಶಾಸನ! ಯಾವ ಕಾಲದ್ದೋ ಒಬ್ಬ ಕಲ್ಲುಕುಟಿಗ ಗಟ್ಟಿಯಾದ ಒಳ್ಳೆಯ ಚಪ್ಪಡಿ ಸಿಕ್ಕಿತೆಂದು ಅದರ ನಡುವೆ ತೂತು ಕೊರೆದು ದೇವಿಯನ್ನು ನಿಲ್ಲಿಸಿದ್ದ. ಅವನು ತಪ್ಪೇನೂ ಮಾಡಲಿಲ್ಲ. ಕಲ್ಲನ್ನು ಹಾಳುಗೆಡವದೆ ಬಳಸಿದ. ಆದರೆ ಈ ಕಲ್ಲು ಏನು, ಎಲ್ಲಿಂದ ಬಂತು, ಇದರ ಬೆಲೆ ಏನು ಎಂದು ಹೇಳುವ ಒಂದು ಸಾಲೂ ಅವನ ಕೈಯಲ್ಲಿರಲಿಲ್ಲ. ತೂತಿನೊಳಗೆ ಹೋದ ಅಕ್ಷರಗಳು ಹೋದವು.

ನಿಮ್ಮ ಕೈಯಲ್ಲಿ ಇವತ್ತು ಫೋನಿದೆ. ಅವನ ಕೈಯಲ್ಲಿ ಇರಲಿಲ್ಲ.

ಆ ಫೋನಿನಿಂದ ನಾವು ಏನು ಮಾಡುತ್ತಿದ್ದೇವೆ? ರೀಲ್ಸ್ ನೋಡುತ್ತೇವೆ, ನೋಡೋಣ, ಅದರಲ್ಲೇನೂ ಪಾಪವಿಲ್ಲ. ಆದರೆ ಅದೇ ಫೋನು ಅಳತೆಗೋಲು, ಅದೇ ನಕ್ಷೆ, ಅದೇ ತಕ್ಕಡಿಯ ಚೀಟಿ, ಅದೇ ಸಂತೆಯ ಕಟ್ಟೆ ಎಂಬುದನ್ನು ನೆನೆದಿದ್ದೇವೆಯೇ? ನಮ್ಮ ರಾಜ್ಯ ಇದನ್ನು ಒಮ್ಮೆ ಮಾಡಿ ತೋರಿಸಿದೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ರೈತನ ಪಹಣಿಯನ್ನು ಕಂಪ್ಯೂಟರಿಗೆ ತಂದಿತು. ಎರಡು ಕೋಟಿ ದಾಖಲೆಗಳು ಕೈಬರಹದ ಕಡತದಿಂದ ಹೊರಬಂದವು. ಇವತ್ತು ಹೊಲದ ಬದುವಿನಲ್ಲಿ ನಿಂತು ‘ದಿಶಾಂಕ್’ ಆ್ಯಪ್ ತೆರೆದರೆ ಕಾಲ ಕೆಳಗಿನ ಸರ್ವೆ ನಂಬರು ಕಾಣುತ್ತದೆ. ನೆಲಕ್ಕೆ ಇಷ್ಟು ಲೆಕ್ಕ ಇಟ್ಟ ನಾವು ನೆಲದ ಮೇಲೆ ಬಿದ್ದದ್ದಕ್ಕೆ ಲೆಕ್ಕ ಇಡಲಾರೆವೇ? ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಹೊಗಳಿದ ಅಮೋಘವರ್ಷ ನೃಪತುಂಗನ ರಾಜಧಾನಿ ನಮ್ಮ ಸೇಡಂ ತಾಲ್ಲೂಕಿನ ಮಳಖೇಡ. ಲೆಕ್ಕ ನಮಗೆ ಹೊರಗಿನಿಂದ ಬರಬೇಕಿಲ್ಲ.

ಇನ್ನು ಮರತೂರು. ಶಹಾಬಾದಿನ ಮಗ್ಗುಲಿನ ಹಳ್ಳಿ. ವಿಜ್ಞಾನೇಶ್ವರನ ಊರು ಎಂದು ನಾವೆಲ್ಲ ಹೆಮ್ಮೆಪಡುವ ಜಾಗ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ಆ ಪಂಡಿತ ಬರೆದ ‘ಮಿತಾಕ್ಷರ’ ಇಂಡಿಯಾದ ಬಹುಭಾಗದಲ್ಲಿ ನೂರಾರು ವರ್ಷ ಆಸ್ತಿ ಹಂಚಿಕೆಯ ಕಟ್ಟಳೆಯಾಯಿತು. ಅದರ ತಿರುಳು ಒಂದೇ ಸಾಲಿನದು: ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಪಾಲು ಬರುವುದು ಅಪ್ಪ ಸತ್ತ ಮೇಲಲ್ಲ, ತಾನು ಹುಟ್ಟಿದ ಗಳಿಗೆಯಿಂದ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅದೇ ಹುಟ್ಟಿನ ಪಾಲನ್ನು ಹೆಣ್ಣುಮಕ್ಕಳಿಗೂ ಕೊಟ್ಟಿತು.

ಹಾಗಾದರೆ ಹೇಳಿ, ಈ ಸುಣ್ಣಕಲ್ಲು ಯಾರ ಪಿತ್ರಾರ್ಜಿತ? ನಾವು ಹುಟ್ಟುವ ಮೊದಲೇ ಅಗೆದು ಒಯ್ದದ್ದರಲ್ಲಿ ನಮ್ಮ ಪಾಲೆಲ್ಲಿ? ಪಾಲು ಇದೆ, ಕಾನೂನಿನಲ್ಲೂ ಇದೆ. 2015ರಿಂದ ಗಣಿ ಕಂಪನಿಗಳು ರಾಜಧನದ ಜೊತೆಗೆ ಅದರ ಒಂದು ಭಾಗವನ್ನು, ಹಳೆಯ ಗುತ್ತಿಗೆಯಾದರೆ ರಾಜಧನದ ಶೇ 30, ಹರಾಜಿನ ಹೊಸ ಗುತ್ತಿಗೆಯಾದರೆ ಶೇ 10, ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕು. ಗಣಿಯಿಂದ ಬಾಧಿತವಾದ ಊರುಗಳಿಗಾಗಿ ಇರುವ ಹಣ ಅದು. ನಮ್ಮ ಊರುಗಳಿಗಾಗಿ. ಅದು ಎಲ್ಲಿ ಖರ್ಚಾಯಿತೆಂದು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಮಾಹಿತಿ ಹಕ್ಕಿನ ಕಾಯ್ದೆಗೆ ಇಪ್ಪತ್ತು ತುಂಬಿದೆ. ಅರ್ಜಿಗೆ ಹತ್ತು ರೂಪಾಯಿ.

ಆದರೆ ಪಾಲುದಾರನಿಗೆ ಆಸ್ತಿಯಷ್ಟೇ ಬರುವುದಿಲ್ಲ, ಹೊಣೆಯೂ ಬರುತ್ತದೆ. ಗುಂಡಿ ನಮ್ಮದು. ರಾಶಿ ನಮ್ಮದು. ಚರಂಡಿಗೆ ಕಟ್ಟಿದ ಪ್ಲಾಸ್ಟಿಕ್ಕೂ ನಮ್ಮದೇ. ಅದನ್ನು ಯಾವ ಕಂಪನಿಯೂ ತಂದು ಸುರಿದಿಲ್ಲ, ನಾವೇ ಹಾಲು ಕುಡಿದು, ಕುರುಕಲು ತಿಂದು, ಗುಟ್ಕಾ ಹರಿದು ಎಸೆದದ್ದು.

ಇಲ್ಲಿ ನಿಮಗೆ ದೂರದ ಒಂದು ಪುಟ್ಟ ಊರನ್ನು ತೋರಿಸಬೇಕು. ಡೆನ್ಮಾರ್ಕಿನ ಕಲುಂಡ್‌ಬೋರ್ಗ್. ಜನಸಂಖ್ಯೆ ಹದಿನಾರು ಸಾವಿರದ ಆಸುಪಾಸು, ನಮ್ಮ ಚಿಂಚೋಳಿಗಿಂತ ಸಣ್ಣದು. ಅಲ್ಲೊಂದು ವಿದ್ಯುತ್ ಸ್ಥಾವರ, ಒಂದು ತೈಲ ಸಂಸ್ಕರಣಾಗಾರ, ಒಂದು ಜಿಪ್ಸಮ್ ಹಲಗೆಯ ಕಾರ್ಖಾನೆ, ಒಂದು ಔಷಧ ಕಂಪನಿ. 1972ರಲ್ಲಿ ಹಲಗೆ ಕಾರ್ಖಾನೆಯವರು ಸಂಸ್ಕರಣಾಗಾರ ಸುಮ್ಮನೆ ಸುಟ್ಟುಹಾಕುತ್ತಿದ್ದ ಅನಿಲವನ್ನು ಪೈಪಿನಲ್ಲಿ ತರಿಸಿಕೊಂಡರು. ಆಮೇಲೆ ಒಬ್ಬರ ಉಗಿ ಇನ್ನೊಬ್ಬರಿಗೆ, ಒಬ್ಬರ ಬೂದಿ ಸಿಮೆಂಟಿಗೆ, ಒಬ್ಬರ ಕೆಸರು ರೈತರ ಹೊಲಕ್ಕೆ. ಯಾವ ಸರ್ಕಾರವೂ ಆಜ್ಞೆ ಮಾಡಿರಲಿಲ್ಲ. ಅಕ್ಕಪಕ್ಕದವರು ಚಹಾ ಕುಡಿಯುತ್ತ ಕುದುರಿಸಿಕೊಂಡಂಥ ವ್ಯವಹಾರ. ಹತ್ತು ಹದಿನೈದು ವರ್ಷ ಹೀಗೆ ನಡೆದರೂ ತಾವು ಒಟ್ಟಾಗಿ ಏನು ಕಟ್ಟಿದ್ದೇವೆಂದು ಅವರಿಗೇ ತಿಳಿದಿರಲಿಲ್ಲ. ತಿಳಿದದ್ದು ಯಾವಾಗ ಗೊತ್ತೇ? ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಊರಿನ ಶಾಲೆಯ ಮಕ್ಕಳು ಆ ಎಲ್ಲ ಪೈಪುಗಳ, ಎಲ್ಲ ಕೊಡುಕೊಳ್ಳುವಿಕೆಯ ಒಂದು ಮಾದರಿ ಮಾಡಿ ಇಟ್ಟಾಗ!

ಮಕ್ಕಳು. ನಿಮಗಿಂತ ಚಿಕ್ಕವರು.

ಕಲುಂಡ್‌ಬೋರ್ಗ್‌ನಲ್ಲಿ ಇದ್ದದ್ದು ನಾಲ್ಕೈದು ಕಾರ್ಖಾನೆ. ನಮ್ಮ ಸೀಮೆಯಲ್ಲಿ ಏನಿಲ್ಲ? ಸಿಮೆಂಟಿನ ಗೂಡುಗಳಿವೆ, ಕಲ್ಲಿನ ಪಾಲಿಶ್ ಮಶೀನುಗಳಿವೆ, ದಾಲ್ ಮಿಲ್ಲುಗಳಿವೆ, ತೊಗರಿಯ ಕಣಜವೆಂದು ಹೆಸರಾದ ಹೊಲಗಳಿವೆ, ಎರೆಮಣ್ಣಿದೆ, ಐದು ಊರುಗಳ ಕಸವಿದೆ. ಒಬ್ಬರಿಗೆ ಬೇಡವಾದದ್ದು ಇನ್ನೊಬ್ಬರಿಗೆ ಬೇಕಾದದ್ದು. ಇಬ್ಬರ ನಡುವೆ ಹತ್ತೋ ಇಪ್ಪತ್ತೋ ಕಿಲೋಮೀಟರು. ಒಬ್ಬರ ಸುದ್ದಿ ಇನ್ನೊಬ್ಬರಿಗಿಲ್ಲ. ಚಿಂಚೋಳಿ ಕಡೆಯ ರೈತ ದನದ ಕೊಟ್ಟಿಗೆಗೆ ಹಾಸಲು ಒರಟು ಚಪ್ಪಡಿ ಹುಡುಕುತ್ತಿದ್ದಾನೆ. ಶಹಾಬಾದಿನಲ್ಲಿ ಅದು ರಾಶಿಯಲ್ಲಿ ಬಿದ್ದಿದೆ. ಸೇಡಂನಲ್ಲಿ ರಸ್ತೆ ಅಗಲ ಮಾಡಲು ಕೆಡವಿದ ಮನೆಯ ಸಾಗುವಾನಿ ಬಾಗಿಲು ಎರಡೇ ದಿನದಲ್ಲಿ ಸೌದೆಯಾಗುತ್ತದೆ. ವಾಡಿಯಲ್ಲಿ ಮನೆ ಕಟ್ಟುವವನು ಹೊಸ ಬಾಗಿಲಿಗೆ ಸಾಲ ಮಾಡುತ್ತಾನೆ. ಇಂಥ ಇಬ್ಬರನ್ನು ಕೂಡಿಸಲು ಏನು ಬೇಕು? ಒಂದು ಫೋಟೋ, ಒಂದು ಅಳತೆ, ಒಂದು ಬೆಲೆ, ಒಂದು ಊರಿನ ಹೆಸರು.

ಕೂಡಲೇ ಆ್ಯಪ್ ಮಾಡಲು ಓಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಸ್ಪರ್ಧೆಗೆಂದು ಮಾಡಿ, ಬಹುಮಾನ ತೆಗೆದುಕೊಂಡು, ಆರು ತಿಂಗಳಲ್ಲಿ ಸತ್ತ ಆ್ಯಪ್‌ಗಳ ಸ್ಮಶಾನ ಬಹಳ ದೊಡ್ಡದಿದೆ. ಮೊದಲು ಒಂದು ಗೂಗಲ್ ಶೀಟ್ ಸಾಕು. ಒಂದು ವಾಟ್ಸ್‌ಆ್ಯಪ್ ಗುಂಪು ಸಾಕು. ಭಂಗಾರದವನ ಗಾಡಿಯ ಮೇಲೆ ಆಗಲೇ ಫೋನ್‌ಪೇ ಸ್ಟಿಕ್ಕರಿದೆ. ನಿಮಗಿಂತ ಮೊದಲೇ ಅವನು ಡಿಜಿಟಲ್ ಆಗಿದ್ದಾನೆ. ಅವನನ್ನು ಗುಂಪಿಗೆ ಸೇರಿಸಿ, ಅವನ ದರವನ್ನು ಹಾಕಿ, ಅವನ ಬರುವ ದಿನವನ್ನು ಹಾಕಿ. ಅವನ ಹೊಟ್ಟೆಯ ಮೇಲೆ ಹೊಡೆಯುವ ಯಾವ ಜಾಣ ಯೋಜನೆಯೂ ನಮಗೆ ಬೇಡ. ಬೆಂಗಳೂರಿನಲ್ಲಿ ಹಸಿರು ದಳ ಚಿಂದಿ ಆಯುವವರನ್ನು ಹೊರಗಿಡದೆ ಅವರಿಗೆ ಗುರುತಿನ ಚೀಟಿ ಸಿಗುವಂತೆ ಮಾಡಿ, ಒಣಕಸ ಕೇಂದ್ರಗಳನ್ನು ಅವರೇ ನಡೆಸುವಂತೆ ಮಾಡಿತು. ನಾವೂ ಅಲ್ಲಿಂದಲೇ ಶುರು ಮಾಡಬೇಕು.

ಸಿಮೆಂಟಿನ ಗೂಡಿನ ಬಗ್ಗೆ ಒಂದು ಎಚ್ಚರ. ಸಿಮೆಂಟಾಗಿ ಅರೆಯುವ ಕ್ಲಿಂಕರ್ ಆಗಲು ಕಲ್ಲು ಸುಮಾರು 1,450 ಡಿಗ್ರಿವರೆಗೆ ಕಾಯಬೇಕು. ಆ ಬೆಂಕಿಗೆ ಕಲ್ಲಿದ್ದಲಿನ ಬದಲು ಮರುಬಳಕೆಯಾಗದ ಒಣಕಸ ಹಾಕಬಹುದು. ಕಸದಿಂದ ಇಂಧನ ಮಾಡುವ ಘಟಕದ 100 ಕಿಲೋಮೀಟರ್ ಒಳಗಿನ ಕಾರ್ಖಾನೆಗಳು ತಮ್ಮ ಇಂಧನದಲ್ಲಿ ಕನಿಷ್ಠ ಶೇ 5ರಷ್ಟನ್ನಾದರೂ ಅದರಿಂದ ತುಂಬಿಕೊಳ್ಳಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದವು. ಬೇರೆ ಊರುಗಳು ಗೂಡು ಹುಡುಕಿಕೊಂಡು ನೂರಾರು ಕಿಲೋಮೀಟರು ಕಸ ಸಾಗಿಸುತ್ತವೆ, ನಮ್ಮ ಊರುಗಳಿಗೆ ಗೂಡು ಮನೆ ಬಾಗಿಲಲ್ಲೇ ಇದೆ. ಆದರೆ ಗೂಡು ನಮ್ಮ ತಿಪ್ಪೆಯನ್ನು ತಿನ್ನುವುದಿಲ್ಲ. ಹಸಿ ಸೇರಿದರೆ ಬೆಂಕಿ ತಣ್ಣಗಾಗುತ್ತದೆ, ಪಿವಿಸಿ ಸೇರಿದರೆ ಕ್ಲೋರಿನ್ ಗೂಡನ್ನೇ ಕೆಡಿಸುತ್ತದೆ. ಒಣಗಿದ, ಬೇರ್ಪಡಿಸಿದ, ತೂಗಿ ಬರೆದ ಕಸ ಮಾತ್ರ ಅದಕ್ಕೆ ಬೇಕು. ಅಷ್ಟೇ ಅಲ್ಲ, ಸುಡುವುದು ಕೊನೆಯ ದಾರಿ. ಮತ್ತೆ ಬಳಸಬಹುದಾದ ಬಾಟಲಿಯನ್ನು ಗೂಡಿಗೆ ಹಾಕಿ ‘ಚಕ್ರ ಪೂರ್ಣವಾಯಿತು’ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಹಸಿಕಸ, ಅಂದರೆ ನಮ್ಮ ಊರಿನ ಕಸದ ಹತ್ತಿರ ಹತ್ತಿರ ಅರ್ಧ, ಗೊಬ್ಬರವಾಗಿ ತೊಗರಿ ಹೊಲಕ್ಕೇ ಹೋಗಬೇಕು.

ಎಂಜಿನಿಯರಿಂಗ್, ಡಿಪ್ಲೊಮಾ, ಐಟಿಐ ಓದುವವರಿಗೆ ಇನ್ನೂ ದೊಡ್ಡ ಕೆಲಸ ಕಾದಿದೆ. ಒಂದು ಟನ್ ಕ್ಲಿಂಕರಿಗೆ ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕು. ಕಲ್ಲು ಶುದ್ಧವಾಗಿದ್ದರೆ ಅದರ ಶೇ 44ರಷ್ಟು ತೂಕ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಕ್ಲಿಂಕರನ್ನು ಅರ್ಧಕ್ಕೆ ಇಳಿಸಿ, ಸುಟ್ಟ ಜೇಡಿಮಣ್ಣಿನ ಜೊತೆ ಸುಡದ ಸುಣ್ಣಕಲ್ಲಿನ ಪುಡಿಯನ್ನೇ ಬೆರೆಸುವ ಎಲ್‌ಸಿ3 ಎಂಬ ಸಿಮೆಂಟನ್ನು ಸ್ವಿಟ್ಜರ್ಲೆಂಡಿನವರ ಜೊತೆ ನಮ್ಮ ಐಐಟಿಗಳು ಬೆಳೆಸಿದವು. 2023ರಲ್ಲಿ ಭಾರತೀಯ ಮಾನಕವೂ ಬಂದಿತು. ಅದಕ್ಕೆ ಕಡಿಮೆ ದರ್ಜೆಯ ಸುಣ್ಣಕಲ್ಲೂ ನಡೆಯುತ್ತದೆ. ನಮ್ಮ ರಾಶಿಗಳ ಚೂರು, ಪಾಲಿಶ್ ಮಶೀನಿನ ಕೆಳಗೆ ಹರಿಯುವ ಬಿಳಿ ಕೆಸರು ಅದಕ್ಕೆ ಹೊಂದುತ್ತದೆಯೇ? ಕೊನೆಯ ವರ್ಷದ ಪ್ರಾಜೆಕ್ಟಿಗೆ ಇಂಟರ್‌ನೆಟ್ಟಿನಿಂದ ಯಾರದೋ ಹಳೆಯದನ್ನು ಇಳಿಸಿಕೊಳ್ಳುವ ಬದಲು ಇದನ್ನು ಪರೀಕ್ಷೆ ಮಾಡಿ. ಮಾದರಿ ತರಲು ಬಸ್ ಚಾರ್ಜಷ್ಟೇ ಖರ್ಚು.

‘ಇದೆಲ್ಲ ಸರಿ, ನಾವು ಹೈದರಾಬಾದಿಗೆ ಹೊರಟಿದ್ದೇವೆ’ ಅನ್ನುತ್ತೀರಾ? ಗೊತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಿಟ್ಟಂದಿನಿಂದ ಕಲ್ಲು ಆ ದಾರಿಯಲ್ಲಿ ಹೋಗುತ್ತಿದೆ, ಕಲ್ಲಿನ ಹಿಂದೆ ನಮ್ಮ ಮಕ್ಕಳೂ ಹೋಗುತ್ತಿದ್ದಾರೆ. ಹೋಗಿ. ಕಲಿಯಿರಿ, ದುಡಿಯಿರಿ. ಆದರೆ ಊರಿನ ಶೀಟನ್ನು ತೆರೆದಿಟ್ಟುಕೊಂಡೇ ಹೋಗಿ. ಪುಣೆಯ ಕೋಣೆಯಲ್ಲಿ ಕುಳಿತು ಚಿತ್ತಾಪುರದ ಎರಡನೆಯ ವಾರ್ಡಿನ ಸಾಲು ತುಂಬಬಹುದು, ಅದೇ ಈ ಸಾಧನದ ಬಲ. ಇಲ್ಲೇ ಉಳಿದವರೇ, ನಿಮ್ಮನ್ನು ಯಾರೂ ಹಿಂದೆ ಬಿದ್ದವರು ಅನ್ನದಿರಲಿ. ಈಗ ಎಷ್ಟೋ ಗ್ರಾಮ ಪಂಚಾಯಿತಿಗಳ ಕಸದ ಗಾಡಿಯ ಸ್ಟೀರಿಂಗ್ ಹಿಡಿದಿರುವವರು ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಅವರು ಗಾಡಿ ಕಲಿತು ಲೈಸೆನ್ಸ್ ತೆಗೆದುಕೊಂಡರು. ನೀವು ಯಾರಪ್ಪಣೆಗೆ ಕಾಯುತ್ತಿದ್ದೀರಿ?

2011ರ ಜನಗಣತಿಯಲ್ಲಿ ನಮ್ಮ ಐದು ಊರುಗಳಲ್ಲಿ ಒಂದೂ ಲಕ್ಷ ಮುಟ್ಟಿರಲಿಲ್ಲ. ಅದನ್ನು ಕೊರತೆ ಎಂದುಕೊಂಡಿದ್ದೆವು. ಬೆಂಗಳೂರಿನ ಕಸವನ್ನು ಅಳೆಯಲು ಒಂದು ತಲೆಮಾರು ಸಾಲದು. ಸೇಡಂ ಅನ್ನು ಹತ್ತು ಜನ ಹುಡುಗ ಹುಡುಗಿಯರು ಒಂದು ದಸರಾ ರಜೆಯಲ್ಲಿ ಓಣಿಓಣಿ ನಡೆದು ಬರೆದುಬಿಡಬಹುದು. ಸಣ್ಣ ಊರು ನಮ್ಮ ಭಾಗ್ಯ. (ಒಂದು ಮಾತು ಮರೆತಿದ್ದೆ: ಕೈಯಲ್ಲಿರುವ ಫೋನನ್ನೂ ವರ್ಷಕ್ಕೊಂದು ಬದಲಿಸಬೇಡಿ. ಗಾಜು ಒಡೆದಿದ್ದರೆ ಹಾಕಿಸಿಕೊಳ್ಳಿ, ಬ್ಯಾಟರಿ ಸತ್ತಿದ್ದರೆ ಬದಲಿಸಿ. ಮೊದಲ ಕೌದಿ ಅದೇ ಆಗಲಿ.)

ಬರುವ ರವಿವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಇಬ್ಬರು ಗೆಳೆಯರೊಡನೆ ನಿಮ್ಮ ಊರಿಗೆ ಹತ್ತಿರದ ಒಂದು ರಾಶಿಯ ಮುಂದೆ ಹೋಗಿ ನಿಲ್ಲಿ. ಗುಂಡಿಯ ಅಂಚಿಗೆ ಹೋಗಬೇಡಿ. ದಿಶಾಂಕ್ ತೆರೆದು ಸರ್ವೆ ನಂಬರು ಬರೆದುಕೊಳ್ಳಿ. ರಾಶಿಯ ಉದ್ದ, ಅಗಲ, ಎತ್ತರ ಅಳೆಯಿರಿ, ಟೇಪು ಇಲ್ಲದಿದ್ದರೆ ಹೆಜ್ಜೆಯಿಂದ ಅಳೆಯಿರಿ. ಒಂದು ಫೋಟೋ ಹಾಕಿ ಮೊದಲ ಸಾಲು ತುಂಬಿ. ಆಮೇಲೆ ಅಲ್ಲೇ ಸುತ್ತಿಗೆ ಹಿಡಿದು ಕುಳಿತಿರುವ ಮೇಸ್ತ್ರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿ.